ಹದಿನಾಲ್ಕನೇ ಚೌಕ

ಹೆರಾನ್ ಲೇಕ್, ಉತ್ತರ ಸಸ್ಕ್ಯಾಚೆವಾನ್
೯ ಅಕ್ಟೋಬರ್

ನನ್ನ ಮೊಂಡ ಓರೆಸ್ಟ್‌ಗೆ,

ನೀನು ಹೋದ ಹನ್ನೊಂದು ತಿಂಗಳ ಮೇಲೆ ನಿನ್ನ ಕಾರ್ಡು ಬಂತು. "ನನ್ನ ನೀಲಿ ಜಾಕೆಟ್ಟು ಕಳಿಸು." ಅಷ್ಟೇ. ಬದುಕಿದ್ದೀಯಾ ಅಂತಲೂ ಕೇಳಲಿಲ್ಲ. ಮೂವತ್ತೊಂದು ವರ್ಷ ಸಂಸಾರ ಮಾಡಿದವಳು ಇನ್ನೇನಾದರೂ ಇರಬಹುದೆಂದು ತಿರುಗಿಸಿ ನೋಡಿದೆ. ಹಿಂದೆ ಒಂದು ಮೀನಿನ ಚಿತ್ರವಿತ್ತು. ಜಾಕೆಟ್ಟಿನ ಜೊತೆ ಈ ಪತ್ರವನ್ನೂ ಇಡುತ್ತೇನೆ. ಓದದೆ ಒಲೆಗೆ ಹಾಕಬೇಡ.

ಮೊನ್ನೆ ಅಂಗಡಿಯಲ್ಲಿ ಯವೆಟ್ ಸಿಕ್ಕಳು. ತನ್ನ ಗಂಡ ಕ್ಲೆಮ್ ಸತ್ತ ಮೇಲೆ ಅವಳು ನನ್ನನ್ನು ಮಾತಾಡಿಸಿದ್ದು ಅದೇ ಮೊದಲು. "ನಿನ್ ಮೇಲೆ ನಂಗೆ ಸಿಟ್ಟಿಲ್ಲ ಕಣೇ ಲೋರ್ನಾ, ನೀನೇನ್ ಮಾಡ್ತೀಯ ಪಾಪ. ವಿಮಾನ ಹಾರ್ಸಿದ್ದು ನಿನ್ ಗಂಡ. ಅವನ ಮುಖ ಮಾತ್ರ ಸತ್ರೂ ನೋಡಲ್ಲ" ಅಂದು ಕೈ ಹಿಡಿದುಕೊಂಡಳು. ಮನೆಗೆ ಬಂದವಳು ಹಿಟ್ಟಿನ ಚೀಲವನ್ನು ಬಾಗಿಲಲ್ಲೇ ಬಿಟ್ಟು ಕೂತುಬಿಟ್ಟೆ.

ಕಾಣೆಯಾದವರನ್ನು ಹುಡುಕುವ ನಮ್ಮ ಬಳಗದ ಆ ಹಳೇ ಸೆಸ್ನಾ ವಿಮಾನ ನೆನಪಿಗೆ ಬರುತ್ತದೆ. ಸಂಬಳವಿಲ್ಲದ ಕೆಲಸಕ್ಕೆ ಎಷ್ಟು ಜಂಬ ನಮಗೆ! ಮುಂದೆ ನೀನು ದಾರಿ ನೋಡಬೇಕು, ಹಿಂದೆ ಬಲಗಿಟಕಿಯಲ್ಲಿ ಮುದುಕ ವಾಲ್ಟರ್, ಎಡಗಿಟಕಿಯಲ್ಲಿ ನಾನು ನೆಲ ನೋಡಬೇಕು. ಪ್ರತಿ ಸಲವೂ ನನಗೆ ವಾಂತಿ. "ಲೋರ್ನಾ ಇಳಿದ್ರೆ ವಿಮಾನ ಹಗುರಾಗಲ್ಲ, ಅವಳ ವಾಂತಿ ಚೀಲ ಇಳಿಸಿದ್ರೆ ಆಗುತ್ತೆ" ಅಂತ ನೀನು ಎಲ್ಲರೆದುರು ಗೇಲಿ ಮಾಡುತ್ತಿದ್ದೆ. ವಾಂತಿಗೆ ಮಾತ್ರೆ ನುಂಗಿದರೆ ತೂಕಡಿಕೆ ಬರುತ್ತದೆ, ನುಂಗಿದವರು ಹತ್ತುವಂತಿಲ್ಲ ಎಂಬುದು ಬಳಗದ ಕಟ್ಟುನಿಟ್ಟಿನ ನಿಯಮ. ನಿನ್ನ ಬೆನ್ನ ಹಿಂದೆ ಕೂರುವ ಆಸೆಗೆ ಎಂಟು ವರ್ಷ ವಾಂತಿ ಮಾಡಿಕೊಂಡೆ. ತನ್ನ ವಿಮಾನದ ಸಮೇತ ಕಾಣೆಯಾದ ಕ್ಲೆಮ್‌ನನ್ನು ಹುಡುಕಲು ಹೋದ ದಿನ ಮಾತ್ರ, ಅಷ್ಟು ಗಾಳಿಯಲ್ಲೂ, ಒಮ್ಮೆಯೂ ಆಗಲಿಲ್ಲ.

ಈಗ ಹೇಳಿಬಿಡುತ್ತೇನೆ. ನಕ್ಷೆಯ ಹದಿನಾಲ್ಕನೇ ಚೌಕದ ಮೇಲೆ ಹಾರುವಾಗ ನಾನು ನಿದ್ದೆ ಹೋಗಿದ್ದೆ. ಹಿಂದಿನ ದಿನ ಆಸ್ಪತ್ರೆಯ ಅಡುಗೆಮನೆಯಲ್ಲಿ ಎರಡು ಪಾಳಿ ಮಾಡಿದ ಆಯಾಸ. ಎಚ್ಚರವಾದಾಗ, ಎಡಗಡೆ ಏನಾದರೂ ಕಂಡಿತಾ ಎಂದು ನೀನು ಕೇಳುತ್ತಿದ್ದೆ. ಏನೂ ಇಲ್ಲ ಅಂದೆ ನಾನು. ನೀನು ನಕ್ಷೆಯಲ್ಲಿ ಆ ಚೌಕಕ್ಕೆ ಪೆನ್ಸಿಲ್ ಬಳಿದೆ. ಬಳಿದ ಚೌಕಕ್ಕೆ ಮತ್ತೆ ಯಾರೂ ಹೋಗುವುದಿಲ್ಲ.

ಏಳನೇ ದಿನ ಬೇಟೆಗಾರರಿಗೆ ಕ್ಲೆಮ್‌ನ ಹೆಣ ಸಿಕ್ಕಿದ್ದು ಅಲ್ಲೇ. ಕಾಲು ಮುರಿದಿತ್ತು. ಕಿತ್ತಳೆ ಬಣ್ಣದ ಮಲಗುವ ಚೀಲವನ್ನು ಬಂಡೆಯ ಮೇಲೆ ಹರಡಿದ್ದ. ಬಿದ್ದ ಅವನ ವಿಮಾನದ ಬಾಗಿಲ ಮೇಲೆ ದಿನಕ್ಕೊಂದರಂತೆ ಚಾಕುವಿನ ಐದು ಗೀರು. ನಾವು ಅವನ ತಲೆಯ ಮೇಲೆ ಹಾರಿದ್ದು ಎರಡನೇ ದಿನ. ಅವನು ಕೈ ಬೀಸಿರಬೇಕು, ಓರೆಸ್ಟ್. ಬೀಸದೆ ಇರುತ್ತಾನಾ?

ವಿಚಾರಣೆಯಲ್ಲಿ ನೀನೇ ಎದ್ದು ನಿಂತೆ. ಗಾಳಿಗೆ ಹೆದರಿ ತೀರ ಎತ್ತರದಲ್ಲಿ ಹಾರಿದೆ, ಅಲ್ಲಿಂದ ಯಾರಿಗೂ ಏನೂ ಕಾಣುತ್ತಿರಲಿಲ್ಲ, ತಪ್ಪು ನನ್ನದು ಅಂದೆ. ನಾನು ನನ್ನ ಬೂಟು ನೋಡುತ್ತ ಕೂತಿದ್ದೆ. ಬಳಗದಿಂದ ನಿನ್ನನ್ನು ತೆಗೆದರು. ಆಮೇಲೆ ಒಂಬತ್ತು ದಿನ ನೀನು ಊಟಕ್ಕೆ ಕೂತು ನನ್ನ ಮುಖವನ್ನೇ ನೋಡುತ್ತಿದ್ದೆ. ಕಡುಬಿಗೆ ಉಪ್ಪು ಹೆಚ್ಚಾಯಿತಾ ಎಂದು ನಾನು ಕೇಳಿದೆ. ಹತ್ತನೇ ದಿನ ನೀನಿರಲಿಲ್ಲ. ಊರಿಗೆ ಮುಖ ತೋರಿಸಲಾರದೆ ನೀನು ಹೋದೆ ಎಂದು ನಾನು ಅಂದುಕೊಂಡೆ.

ಕ್ಷಮಿಸು ಎಂದು ಬರೆದು ಎರಡು ಸಲ ಹೊಡೆದುಹಾಕಿದೆ. ಕ್ಷಮಿಸಬೇಕಾದವನು ಬಂಡೆಯ ಮೇಲೆ ಸತ್ತ.

ನಿನ್ನ,
ಲೋರ್ನಾ

ಮರೆತ ಮಾತು: ಜಾಕೆಟ್ಟು ಮಡಿಸುವ ಮೊದಲು ಜೇಬು ನೋಡಿದೆ. ಒಳಜೇಬಿನಲ್ಲಿ ಅಂದಿನ ನಕ್ಷೆ, ಅದರೊಳಗೆ ನನ್ನ ವಾಂತಿ ಮಾತ್ರೆಯ ಪಟ್ಟಿ, ಒಂದು ಮಾತ್ರೆ ಇಲ್ಲದ್ದು. ಅದು ಎಲ್ಲೋ ಬಿದ್ದುಹೋಯಿತೆಂದು ನಾನು ನೆಮ್ಮದಿಯಾಗಿದ್ದೆ. ಮೇಲೆ ಆಯಾಸ ಎಂದು ಬರೆದದ್ದು ಸುಳ್ಳು. ಪತ್ರವನ್ನು ತಿದ್ದುವುದಿಲ್ಲ, ಈಗಲೂ ಸುಳ್ಳು ಹೇಳಬಲ್ಲೆ ಎಂಬುದು ನಿನಗೆ ಗೊತ್ತಿರಲಿ. ಮಡಿಸುವ ಮೊದಲು ನಾನು ಜೇಬು ನೋಡಿಯೇ ನೋಡುತ್ತೇನೆಂದು ನಿನಗೆ ಗೊತ್ತಿತ್ತು. ನಿನಗೆ ಬೇಕಾಗಿದ್ದು ಜಾಕೆಟ್ಟಲ್ಲ. ಆ ಒಂಬತ್ತು ದಿನವೂ ನಾನಾಗಿಯೇ ಹೇಳಲಿ ಎಂದು ನೀನು ಕಾದಿದ್ದೆ. ನಾನು ಉಪ್ಪಿನ ಮಾತಾಡಿದೆ. ಪಟ್ಟಿಯನ್ನೂ ನಕ್ಷೆಯನ್ನೂ ಹಿಡಿದು ಈಗ ಯವೆಟ್ ಮನೆಗೆ ಹೊರಟಿದ್ದೇನೆ. ನಿನ್ನನ್ನು ಬಾ ಎಂದು ಕರೆಯುವ ಬಾಯಿ ನನಗೆ ಉಳಿದಿಲ್ಲ.