ರೇವಣಸಿದ್ದಯ್ಯನ ಬೆನ್ನ ಹಿಂದೆ

14-7-74, ಭಾನುವಾರ

ನಾನು ಕೈ ಎತ್ತಿದ್ದು ಟೋಪಿ ಹಿಡಿದುಕೊಳ್ಳಲು. ಆ ಹುಡುಗರಿಗೆ ಇದನ್ನು ಹೇಳಿ ಹೇಳಿ ಸಾಕಾಯಿತು, ಒಬ್ಬನೂ ನಂಬಲಿಲ್ಲ.

ನಮ್ಮ ರಾಜಾಜಿನಗರದ ಸೈಕಲ್ ಕ್ಲಬ್ಬಿನಲ್ಲಿ ಮುಂದಿರುವವನು ಕೈ ಎತ್ತಿದರೆ, ಸುಸ್ತಾಯಿತು, ಇನ್ನೊಬ್ಬರು ಬಂದು ಗಾಳಿಗೆ ಎದೆಯೊಡ್ಡಿ ಎಂದರ್ಥ. ಈ ನಿಯಮ ಮಾಡಿದವನೇ ನಾನು. ಇಷ್ಟು ವರ್ಷದಲ್ಲಿ ಒಮ್ಮೆಯೂ ಎತ್ತಿದವನಲ್ಲ.

ತಾವರೆಕೆರೆಯಲ್ಲಿ ಕಾಫಿ ಕುಡಿದು ಮಾಗಡಿ ಕಡೆ ಹೊರಟೆವು. ಬಯಲು ದಾರಿಯಲ್ಲಿ ಆಷಾಢದ ಗಾಳಿ ಸೈಕಲನ್ನೇ ಹಿಂದಕ್ಕೆ ನೂಕುತ್ತಿತ್ತು. ಕೈ ಎತ್ತಿದೆ, ಅಷ್ಟೇ. ಹೋದ ತಿಂಗಳು ಸೇರಿದ ರೇವಣಸಿದ್ದಯ್ಯ ಸರ್ರನೆ ಮುಂದೆ ಬಂದ.

"ಬಿಡಿ ಸಾರ್, ನಾನಿದೀನಿ. ನೀವು ನನ್ನ ಹಿಂದೇನೇ ಬನ್ನಿ."

ಬೈಯಬೇಕೆಂದುಕೊಂಡೆ. ಆದರೆ ಅವನ ಬೆನ್ನ ಹಿಂದೆ ಗಾಳಿಯೇ ಇರಲಿಲ್ಲ, ಎಷ್ಟು ಹಾಯಾಗಿತ್ತು! ಮಾಗಡಿಯವರೆಗೂ ಹಾಗೇ ಹೋದೆ. ನನಗಾದದ್ದು ಸಿಟ್ಟೋ ಸುಖವೋ, ಇನ್ನೂ ತಿಳಿಯುತ್ತಿಲ್ಲ.

ಈಗ ನನ್ನವಳು ಒಗೆಯಲು ಹಾಕಿದ ಪ್ಯಾಂಟಿನ ಜೇಬಿನಿಂದ ಟೋಪಿ ತೆಗೆದು, "ಇದ್ಯಾಕ್ರೀ ಹೀಗೆ ಮುದುರಿ ಇಟ್ಕೊಂಡಿದೀರಾ?" ಎಂದಳು.

ಗಾಳಿಗೆ ಹಾರಿಹೋದೀತೆಂದು ತಾವರೆಕೆರೆಯಲ್ಲೇ ತೆಗೆದು ಜೇಬಿಗೆ ತುರುಕಿದ್ದೆನಲ್ಲ.

ಹಾಗಾದರೆ ನಾನು ಕೈ ಎತ್ತಿದ್ದು