ಏಳರ ಮಗ್ಗಿ

ಚಿರಂಜೀವಿ ಶಂಭುಲಿಂಗನಿಗೆ ನಿನ್ನ ಗುರುವಿನ ಆಶೀರ್ವಾದಗಳು.

ನೀನಿರುವ ಸ್ಥಳ ಸೈನ್ಯಕ್ಕೇ ತಿಳಿಯದಿರುವಾಗ ಈ ಪತ್ರವನ್ನು ಎಲ್ಲಿಗೆ ಕಳಿಸಲಿ? ಆದರೂ ಇಂದು ನಡೆದುದನ್ನು ನಿನಗೇ ಹೇಳಬೇಕೆನಿಸಿತು.

ಆಫ್ರಿಕಾದಲ್ಲಿ ಶಾಂತಿಪಾಲನೆಗೆ ಹೋದ ನಿಮ್ಮ ಪಡೆಯ ಠಾಣೆಯ ಮೇಲೆ ದಾಳಿಯಾದಾಗ ನೀನು ಹೆದರಿ ಓಡಿಹೋದೆಯೇ ಎಂದು ತನಿಖೆ ಮಾಡಲು ಇಬ್ಬರು ಅಧಿಕಾರಿಗಳು ಗಜೇಂದ್ರಗಡಕ್ಕೆ ಬಂದಿದ್ದರು. ನಿನ್ನ ತಾಯಿ ಕಳಕವ್ವ ಮಗ್ಗ ನಿಲ್ಲಿಸಿ ನನಗೆ ಹೇಳಿಕಳುಹಿಸಿದಳು.

ಅವರು ಮೊಬೈಲಿನಲ್ಲಿ ಒಂದು ಧ್ವನಿಮುದ್ರಣ ಕೇಳಿಸಿದರು. ಕಳೆದ ವಾರ ಕಾಡು ದಾಟಿ ಶಿಬಿರ ಸೇರಿದ ಅಲ್ಲಿನ ಮಕ್ಕಳು ಕನ್ನಡದಲ್ಲಿ ಮಗ್ಗಿ ಹೇಳುತ್ತಿದ್ದರು! ಅದನ್ನು ಕಲಿಸಿದ ಸಿಪಾಯಿಯೇ ತಮ್ಮನ್ನು ಕಾಡಿನಂಚಿನವರೆಗೆ ಕರೆತಂದು, ಹಿಂದೆ ಉಳಿದವರಿಗಾಗಿ ಮತ್ತೆ ಕಾಡು ಹೊಕ್ಕನೆಂದು ಅವರು ಹೇಳುತ್ತಾರಂತೆ.

“ಕನ್ನಡದ ಸಿಪಾಯಿಗಳು ಅಲ್ಲಿ ಭಾಳ ಮಂದಿ ಅದಾರ್ರಿ, ಸರ್. ಇಂವಾ ಶಂಭುಲಿಂಗನ ಅಂತ ಹ್ಯಾಂಗ ನಂಬೂದು?” ಎಂದರು ಅವರಲ್ಲೊಬ್ಬರು, ಇಲ್ಲೇ ಬೆಳವಣಕಿ ಕಡೆಯ ಅಧಿಕಾರಿ.

ಅಷ್ಟರಲ್ಲಿ ಮೊಬೈಲಿನಲ್ಲಿ ಮಕ್ಕಳು ಒಕ್ಕೊರಲಿನಿಂದ ಕೂಗಿದರು: “ಏಳೆಂಟಲೆ ಐವತ್ನಾಲ್ಕು!”

ಐವತ್ತಾರೆಂದು ನಾನು ಎಷ್ಟು ತಿದ್ದಿದರೂ ಶಾಲೆ ಬಿಡುವವರೆಗೆ ನೀನು ಬಿಡದ ತಪ್ಪು ಅದು. ನನ್ನ ಶಾಲೆಯಲ್ಲಿ ಹಾಗೆ ಹೇಳಿದವನು ನೀನೊಬ್ಬನೇ ಎಂದು ನಾನು ಸಾಕ್ಷಿ ನುಡಿದೆ.

ಕಳಕವ್ವ ಕಣ್ಣೊರೆಸಿಕೊಂಡು ನಕ್ಕಳು. “ಕೇಳಿದ್ರೇನ್ರಿ ಸಾಹೇಬ್ರ? ನನ್ನ ಮಗ ಓಡಿ ಹೋಗಿಲ್ರಿ, ಸಾಲಿ ನಡಸಾಕತ್ತಾನ!”

ಜೀವನವಿಡೀ ತಪ್ಪು ತಿದ್ದಿದ ನಾನು, ಅದನ್ನು ಇನ್ನೊಮ್ಮೆ ಕೇಳಿಸಿರೆಂದು ಬೇಡಿಕೊಂಡೆ. ಶಂಭುಲಿಂಗಾ, ಈ ಸಲ ತಿದ್ದುವ ಅವಸರ ನನಗಿಲ್ಲ. ಉಳಿದ ಮಕ್ಕಳನ್ನೂ ದಾಟಿಸಿ ಬಾ.

ನಿನ್ನ ಗುರು,
ಗುರುಸಂಗಪ್ಪ