ತಪ್ಪಿದ ಅಳತೆ

ಅಣ್ಣಾ,

ಇಂದು ಡಾಕ್ಟರು ನನ್ನನ್ನು ಬೈದರು. ಎಚ್‌ಐವಿಗಲ್ಲ, ಮಂಡಿನೋವಿಗೆ.

"ವೈರಸ್ ತೆಪ್ಪಗೆ ಬಿದ್ದಿದೆ ಬಿಡಿ. ನಿಮಗೀಗ ವಯಸ್ಸಾಯ್ತಮ್ಮ, ಹೊಲಿಗೆ ಮಿಷನ್ ತುಳಿಯೋದು ನಿಲ್ಲಿಸಿ."

ವಯಸ್ಸಾಯ್ತಂತೆ! ಹೊರಗೆ ಬಂದು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಾನು ವರ್ಷ ದಾಟುವುದಿಲ್ಲವೆಂದು ಉಸಿರಿರುವಾಗಲೇ ಈ ಮಿಷನ್ ಮಾರಲು ಹೊರಟವನು ನೀನು. ನಾನು ಹೊಲಿದುಕೊಟ್ಟ ಅಂಗಿಗಳನ್ನು ಕೋಲಿನಲ್ಲಿ ಎತ್ತಿ ಸುಟ್ಟವನೂ ನೀನೇ. ಆಗ ಹಿಡಿ ಹಿಡಿ ಮಾತ್ರೆ ನುಂಗಿ ವಾಂತಿ ಮಾಡುತ್ತಿದ್ದೆ. ಈಗ ದಿನಕ್ಕೆ ಒಂದೇ ಮಾತ್ರೆ. ಕಲ್ಲುಗುಂಡಿನಂತಿದ್ದ ನೀನೇ ಮೊದಲು ಹೋದೆ.

ಮನೆಗೆ ಬಂದವಳೇ ಮಿಷನ್ ಮುಂದೆ ಕೂತೆ. ಗಿರಾಕಿ ಕೊಟ್ಟ ಅಂಗಿಬಟ್ಟೆಯನ್ನು ಕೈತಪ್ಪಿ ನಿನ್ನ ಅಳತೆಗೆ ಕತ್ತರಿಸಿಬಿಟ್ಟೆ. ಅವರಿಗೆ ಬೇರೆ ಬಟ್ಟೆ ತರುತ್ತೇನೆ. ಇದನ್ನು ಗುಂಡಿ ಸಮೇತ ಹೊಲಿದು ಮೊಳೆಗೆ ತೂಗುಹಾಕಿದ್ದೇನೆ.

ತಾಕತ್ತಿದ್ದರೆ ಬಂದು ಸುಡು.